ಬ್ರೇಕ್ ಪ್ಯಾಡ್‌ಗೆ ಒಂದೂವರೆ ಲಕ್ಷದ ಎಸ್ಟಿಮೇಟ್

ಬ್ರೇಕ್ ಕೆಲಸಕ್ಕೆ 1,52,900 ರೂಪಾಯಿ. ಟ್ಯಾಕ್ಸ್ ಸೇರಿ. ಗಾಡಿ ಸರ್ವಿಸ್‌ಗೆ ಬಿಟ್ಟು ಅವರು ಕೊಟ್ಟ ಕಾಫಿ ಕುಡಿಯುತ್ತಿದ್ದೆ, ವಾಟ್ಸಾಪ್‌ಗೆ ಈ ಎಸ್ಟಿಮೇಟ್ ಬಂತು. ನಾಲ್ಕೂ ಚಕ್ರದ ಪ್ಯಾಡ್ 43,500. ಆ ಪ್ಯಾಡ್ ಒತ್ತಿ ಹಿಡಿಯುವ, ಚಕ್ರದ ಜೊತೆ ತಿರುಗುವ ಡಿಸ್ಕ್ ನಾಲ್ಕು, 82,000. ಪ್ಯಾಡ್ ಸವೆದರೆ ತಿಳಿಸುವ ಸೆನ್ಸರ್ 6,800. ಬ್ರೇಕ್ ಆಯಿಲ್ 4,200. ಲೇಬರ್ 14,500. ಕೊನೆಗೆ ಕನ್ಸ್ಯೂಮಬಲ್ಸ್ ಅಂತ 1,900. ಅದು ಏನು ಅಂತ ಕೇಳಿದರೆ ಕೌಂಟರ್‌ನಲ್ಲಿದ್ದ ಯಾರಿಗೂ ಗೊತ್ತಿಲ್ಲ.

ನಾನು ಬಳ್ಳಾರಿಯವನು. ಜೀನ್ಸ್ ವ್ಯಾಪಾರ ನಮ್ಮದು. ಒಂದು ಜರ್ಮನ್ ಗಾಡಿ ಇಟ್ಟಿದ್ದೇನೆ. ಯಾವ ಕಂಪನಿ, ಯಾವ ಶೋರೂಮ್ ಅಂತ ಇಲ್ಲಿ ಬರೆಯುವುದಿಲ್ಲ. ಅದರ ಸರ್ವಿಸ್ ಸೆಂಟರ್ ನಮ್ಮೂರಲ್ಲಿ ಇಲ್ಲ. ಚಳ್ಳಕೆರೆ, ಹಿರಿಯೂರು, ತುಮಕೂರು ದಾಟಿ ಬೆಂಗಳೂರಿಗೇ ಹೋಗಬೇಕು. ಹೆಚ್ಚುಕಮ್ಮಿ 300 ಕಿಲೋಮೀಟರ್. ಒಂದು ದಿನದ ವ್ಯಾಪಾರ ಬಿಟ್ಟು, ಡೀಸೆಲ್ ಸುಟ್ಟು, ಟೋಲ್ ಕಟ್ಟಿ ಹೋದವನು ‘ಇಲ್ಲಪ್ಪಾ, ಯೋಚನೆ ಮಾಡಿ ನಾಳೆ ಬರುತ್ತೇನೆ’ ಅಂತ ಎದ್ದು ಬರಲು ಆಗುತ್ತದಾ? ಅದು ಅವರಿಗೂ ಚೆನ್ನಾಗಿ ಗೊತ್ತು. ಜಯನಗರದಿಂದ ಬಂದವನಿಗೆ ಇನ್ನೊಂದು ಕಡೆ ವಿಚಾರಿಸಲು ದಾರಿ ಇದೆ. ದೂರದೂರಿನಿಂದ ಬಂದವನನ್ನು ಕೂರಿಸಿಕೊಂಡು ಹಿಂಡುತ್ತಾರೆ.

ಕಾಸಿನ ವಿಷಯ ಮಾತ್ರ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದೊಡ್ಡ ಗಾಡಿ ಇಟ್ಟರೆ ಖರ್ಚು ಜಾಸ್ತಿ ಅಂತ ಗೊತ್ತಿದ್ದೇ ತಗೊಂಡಿದ್ದೇನೆ. ನನ್ನ ಹೊಟ್ಟೆ ಉರಿದದ್ದು ಅವರು ಅದನ್ನು ಕೇಳಿದ ರೀತಿಗೆ. ಅಡ್ವೈಸರ್ ಹುಡುಗ ಬಂದು ಹೇಳಿದ್ದು ಒಂದೇ ಮಾತು: ‘ಸೇಫ್ಟಿ ವಿಷಯ ಸರ್, ಬ್ರೇಕಲ್ಲಿ ರಿಸ್ಕ್ ತಗೋಬೇಡಿ, ಫ್ಯಾಮಿಲಿ ಇದ್ದಾರೆ.’ ಹಿಂದೆ ನಮ್ಮ ಅಮ್ಮ ಕೂತಿದ್ದರು, ಪಕ್ಕದಲ್ಲಿ ನಮ್ಮ ಮನೆಯವಳು. ಅವರ ಮುಂದೆ ಹೇಳಿದ. ಬೇಕಂತಲೇ ಅವರಿಗೆ ಕೇಳುವ ಹಾಗೆ ಹೇಳಿದ.

ನಾನು ಕೇಳಿದ್ದು ತುಂಬಾ ಸರಳ. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ? ಡಿಸ್ಕ್ ದಪ್ಪ ಈಗ ಎಷ್ಟಿದೆ, ಎಷ್ಟಕ್ಕೆ ಇಳಿದರೆ ಬದಲಾಯಿಸಬೇಕು? ಉತ್ತರ ಬರಲಿಲ್ಲ. ಒಳಗೆ ಹೋಗಿ ಒಂದು ಫೋಟೊ ಕಳಿಸಿದ. ಚಕ್ರದ ಸಂದಿಯಿಂದ ಮೊಬೈಲ್‌ನಲ್ಲಿ ಹೊಡೆದ ಮಸುಕು ಫೋಟೊ, ಅದರ ಮೇಲೆ ಕೆಂಪು ಬಾಣದ ಗುರುತು. ಸ್ಕೇಲೂ ಇಲ್ಲ, ಅಳತೆಯೂ ಇಲ್ಲ. ಆ ಬಾಣ ತೋರಿಸಿ ಡಿಸ್ಕ್‌ಗೇ 82,000 ಕೇಳುತ್ತಾರೆ.

‘ಪ್ಯಾಡ್ ಹಾಕುವಾಗ ಡಿಸ್ಕೂ ಬದಲಾಯಿಸುವುದು ನಮ್ಮ ಪಾಲಿಸಿ ಸರ್’ ಅಂದ. ಯಾರ ಪಾಲಿಸಿ? ಡಿಸ್ಕ್ ಮೇಲೇ ಅದರ ಕನಿಷ್ಠ ದಪ್ಪವನ್ನು ಕಂಪನಿ ಕೆತ್ತಿರುತ್ತದೆ. ಅದಕ್ಕಿಂತ ದಪ್ಪ ಇದ್ದು, ಬಿರುಕು ಬಿಟ್ಟಿಲ್ಲ, ಆಳವಾದ ಗೀರು ಇಲ್ಲ, ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗುವುದಿಲ್ಲ ಅಂದರೆ ಅದನ್ನು ಯಾಕೆ ಬಿಸಾಡಬೇಕು? ಗಾಡಿ ಮಾಡಿದವರೇ ಬರೆದಿಟ್ಟ ಲೆಕ್ಕವನ್ನು ಗಾಡಿ ಮಾರುವವರು ಓದುವುದಿಲ್ಲ ಅಂದರೆ ಏನು ಹೇಳುವುದು?

ರೇಟ್ ಜಾಸ್ತಿ ಅಂದರೆ ‘ಟ್ಯಾಕ್ಸ್ ಸರ್, ನಮ್ಮ ಕೈಲಿಲ್ಲ’ ಅಂತಾರೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗದ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹೊರಗಿನ ಅಂಗಡಿಯವನೂ ಅದೇ 18 ಕಟ್ಟುತ್ತಾನೆ. ಟ್ಯಾಕ್ಸ್ ಇಬ್ಬರಿಗೂ ಒಂದೇ ಆದಮೇಲೆ ಅದನ್ನು ನೆಪ ಮಾಡುವುದು ಯಾಕೆ?

ಆಮೇಲೆ ಬಂತು ನೋಡಿ ಆ ಮಾತು. ‘ಬಳ್ಳಾರಿಯವರು ನೀವು, ಇದೆಲ್ಲ ನಿಮಗೆ ಒಂದು ಲೆಕ್ಕಾನಾ ಸರ್?’ ಮೈಯೆಲ್ಲ ಉರಿದುಹೋಯಿತು. ಕೆಎ 34 ನಂಬರ್ ಪ್ಲೇಟ್ ಕಂಡ ಕೂಡಲೇ ಗಣಿ ದುಡ್ಡು ಅಂತ ತೀರ್ಮಾನ. ಸುಪ್ರೀಂ ಕೋರ್ಟ್ 2011ರಲ್ಲಿ ನಮ್ಮ ಜಿಲ್ಲೆಯ ಗಣಿ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತು ತುಕ್ಕು ಹಿಡಿದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಕಂತು ಕಟ್ಟಲಾಗದೆ ಮನೆ ಮಾರಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಇಲ್ಲಿ ಹೊಲಿಗೆ ಮಷಿನ್ ಮುಂದೆ ಕೂತು, ಮೆಣಸಿನಕಾಯಿ ಮಾರಿ, ಅಕ್ಕಿ ಮಿಲ್ ನಡೆಸಿ ದುಡಿದವರೇ ಜಾಸ್ತಿ. ನನ್ನ ಊರಿನ ಹೆಸರು ನೋಡಿ ಬಿಲ್ ಹಾಕುವ ಹಕ್ಕು ಇವರಿಗೆ ಯಾರು ಕೊಟ್ಟರು?

ಬೇಡ, ಬರೀ ಸರ್ವಿಸ್ ಮಾಡಿಕೊಡಿ ಅಂದೆ. ಆಗ ಜಾಬ್ ಕಾರ್ಡ್ ಮೇಲೆ ಬರೆದರು: ಬ್ರೇಕ್ ರಿಪೇರಿ ಮಾಡಿಸಲು ಗ್ರಾಹಕರು ಒಪ್ಪಿಲ್ಲ, ವಾಹನ ಸುರಕ್ಷಿತವಲ್ಲ. ಅದರ ಕೆಳಗೆ ನನ್ನ ಸಹಿ ಕೇಳಿದರು. ಅಳತೆ ಬರೆಯಲು ಇಲ್ಲದ ಪೆನ್ನು ಇದಕ್ಕೆ ಎಲ್ಲಿಂದ ಬಂತು? ನಮ್ಮ ಮನೆಯವಳು ಅದನ್ನು ಓದಿ ‘ದುಡ್ಡು ಹೋದರೆ ಹೋಗಲಿ, ಮಾಡಿಸಿಬಿಡ್ರಿ’ ಅಂದಳು. ವಾಪಸ್ ಬರುವಾಗ ಹಿರಿಯೂರು ದಾಟುವವರೆಗೂ ಅಮ್ಮ ‘ನಿಧಾನ, ನಿಧಾನ’ ಅನ್ನುತ್ತಲೇ ಇದ್ದರು. ಮುಂದೆ ಲಾರಿ ಬ್ರೇಕ್ ಲೈಟ್ ಹಾಕಿದರೆ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುವರು. ಎಪ್ಪತ್ತು ದಾಟಿದ ಹೆಂಗಸನ್ನು ಅಷ್ಟು ದೂರ ಜೀವ ಕೈಯಲ್ಲಿ ಹಿಡಿದು ಕೂರುವ ಹಾಗೆ ಮಾಡಿದ್ದಾರೆ. ಇದಕ್ಕೆ ನಾನು ಅವರನ್ನು ಕ್ಷಮಿಸುವುದಿಲ್ಲ.

ಮಾರನೇ ದಿನ ಗಾಡಿಯನ್ನು ಹೊಸಪೇಟೆ ರಸ್ತೆಯಲ್ಲಿರುವ ನಮ್ಮ ಮೆಕ್ಯಾನಿಕ್ ಶೆಡ್‌ಗೆ ತಗೊಂಡು ಹೋದೆ. ದೊಡ್ಡ ಗಾಡಿಗಳ ಕೆಲಸವನ್ನು ಹೊರಗೆ ಕಲಿತು ಬಂದ ಹುಡುಗ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಟ್ಟಿದ್ದಾನೆ. ಚಕ್ರ ಬಿಚ್ಚಿ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಎತ್ತಿ, ಪ್ಯಾಡ್ ತೆಗೆದು ನನ್ನ ಕಣ್ಣೆದುರೇ ವರ್ನಿಯರ್ ಹಿಡಿದು ಅಳೆದ. ಮುಂದಿನ ಪ್ಯಾಡ್ 4 ಮಿಲಿಮೀಟರ್. ಹಿಂದಿನದು 7. ಹೊಸ ಪ್ಯಾಡ್‌ನಲ್ಲಿ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಇರುತ್ತದೆ. 3ರ ಹತ್ತಿರ ಬಂದಾಗ ಬದಲಾಯಿಸುತ್ತಾರೆ. ಅಂದರೆ ಮುಂದಿನದಕ್ಕೆ ಸಮಯ ಹತ್ತಿರ ಬಂದಿತ್ತು, ಒಪ್ಪುತ್ತೇನೆ. ಹಿಂದಿನದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಡಿಸ್ಕ್ ಅಂಚನ್ನು ಬಟ್ಟೆಯಿಂದ ಒರೆಸಿದ. ನಮ್ಮೂರಿನ ಕೆಂಧೂಳು, ಎಲ್ಲ ಕಡೆ ಮೆತ್ತಿಕೊಂಡಿರುತ್ತದೆ. ಟಾರ್ಚ್ ಬಿಟ್ಟರೆ ಅಕ್ಷರ ಕಾಣಿಸಿತು: ಮಿನ್ ಟಿಎಚ್ 26.4, ಅಂದರೆ ಕನಿಷ್ಠ ದಪ್ಪ 26.4 ಮಿಲಿಮೀಟರ್. ಮೈಕ್ರೋಮೀಟರ್ ಇಟ್ಟು ನಾಲ್ಕು ಕಡೆ ಅಳೆದ. ಎಲ್ಲಿಯೂ 27.3ಕ್ಕಿಂತ ಕಮ್ಮಿ ಇಲ್ಲ. ‘ಅಣ್ಣಾ, ಇದಕ್ಕ ಏನೂ ಆಗಿಲ್ಲ. ಯಾರು ತೆಗಿ ಅಂದ್ರು ಇದನ್ನ?’ ಅಂದ. ಏನು ಹೇಳಲಿ ಅವನಿಗೆ?

ಹಳೆ ಪ್ಯಾಡ್ ತಿರುಗಿಸಿ ಹಿಂದಿನ ಉಕ್ಕಿನ ತಗಡನ್ನು ವೈರ್ ಬ್ರಷ್‌ನಿಂದ ಉಜ್ಜಿದ. ಕಾರು ಕಂಪನಿಯ ಗುರುತಿನ ಪಕ್ಕದಲ್ಲೇ ಇನ್ನೊಂದು ಹೆಸರು ಬಂತು: ಟೆಕ್ಸ್ಟಾರ್. ಕಾರು ಕಂಪನಿ ತಾನೇ ಕೂತು ಪ್ಯಾಡ್ ಒತ್ತುವುದಿಲ್ಲ. ಟೆಕ್ಸ್ಟಾರ್, ಎಟಿಇ, ಬ್ರೆಂಬೊ, ಇಂಥ ಬ್ರೇಕ್ ತಯಾರಿಸುವ ಕಂಪನಿಗಳಿವೆ. ಅವರಿಂದ ತರಿಸಿ ತಮ್ಮ ಡಬ್ಬಿಯಲ್ಲಿ ಹಾಕುತ್ತಾರೆ. ಜೀನ್ಸ್ ವ್ಯಾಪಾರದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹೊಲಿದ ಪ್ಯಾಂಟ್‌ಗೆ ಮೇಲೆ ಯಾವ ಲೇಬಲ್ ಬೀಳುತ್ತದೆ ಅನ್ನುವುದರ ಮೇಲೆ ರೇಟ್ ಎಷ್ಟು ಏರುತ್ತದೆ ಅಂತ ನಾನು ದಿನಾ ನೋಡುತ್ತೇನೆ.

ಕಾರು ಕಂಪನಿ ಹೇಳಿದ ಹದಕ್ಕೇ ಅದನ್ನು ಮಾಡಿರುತ್ತಾರೆ, ಹೊರಗೆ ಸಿಗುವುದರಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು ಅಂತ ಯಾರಾದರೂ ಹೇಳಿದರೆ ಇರಲಿ. ಆದರೆ ಆ ವ್ಯತ್ಯಾಸಕ್ಕೆ ಎರಡು ಪಟ್ಟು ದುಡ್ಡು ಕೊಡಬೇಕು ಅಂತ ನನಗೆ ಇನ್ನೂ ಯಾರೂ ತೋರಿಸಿಕೊಟ್ಟಿಲ್ಲ. ಅದೇ ಟೆಕ್ಸ್ಟಾರ್ ಮುಂದಿನ ಸೆಟ್ ಬಿಲ್ ಸಮೇತ 9,800ಕ್ಕೆ ಸಿಕ್ಕಿತು. ಸೆನ್ಸರ್ 1,200. ಕೂಲಿ 1,500. ಆ ಹುಡುಗ ಕ್ಯಾಲಿಪರ್ ಜಾರುವ ಪಿನ್ ತೆಗೆದು, ಧೂಳು ಒರೆಸಿ, ಗ್ರೀಸ್ ಹಚ್ಚಿದ. ಪಿನ್ ಜಾರದೆ ಬಿಗಿದು ನಿಂತರೆ ಒಳಗಿನ ಪ್ಯಾಡ್ ಬೇಗ ಸವೆಯುತ್ತದೆ, ಹೊರಗಿನದು ಹಾಗೇ ಉಳಿಯುತ್ತದೆ. ಒಂದೂವರೆ ಲಕ್ಷದ ಎಸ್ಟಿಮೇಟ್‌ನಲ್ಲಿ ಈ ಕೆಲಸದ ಸುದ್ದಿಯೇ ಇರಲಿಲ್ಲ! ಎರಡು ವರ್ಷ ಆಗಿದ್ದರಿಂದ ಬ್ರೇಕ್ ಆಯಿಲ್ ಮಾತ್ರ ಬದಲಾಯಿಸಬೇಕಿತ್ತು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಜ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡೇ ತರಿಸಿ ಹಾಕಿಸಿದೆ. ಎಲ್ಲ ಸೇರಿ 15,000ದ ಒಳಗೆ ಮುಗಿಯಿತು.

ಶೋರೂಮ್‌ಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸರ್ವಿಸ್ ಪ್ಯಾಕೇಜ್ ಮೊದಲೇ ಕಟ್ಟಿದ್ದು ಅದರಲ್ಲಿ ಪ್ಯಾಡ್ ಸೇರಿದ್ದರೆ ಅಲ್ಲೇ ಮಾಡಿಸಿ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಸ್ಕ್ಯಾನರ್‌ನಿಂದ ಸರ್ವಿಸ್ ಮೋಡ್‌ಗೆ ಹಾಕಿ ಮೋಟರ್ ಹಿಂದೆ ಎಳೆಸಬೇಕು. ಹಾಗೆ ಮಾಡದೆ ಸಿ ಕ್ಲ್ಯಾಂಪ್ ಅನ್ನುವ ತಿರುಪಿನ ಇಕ್ಕಳ ಹಾಕಿ ಒತ್ತಿದರೆ ಕ್ಯಾಲಿಪರ್ ಹಾಳಾಗುತ್ತದೆ. ಅದು ಬಾರದ ಮೆಕ್ಯಾನಿಕ್ ಕೈಗೆ ಕೊಡಬೇಡಿ. ನಕಲಿ ಪ್ಯಾಡ್ ಕೂಡ ಮಾರ್ಕೆಟ್‌ನಲ್ಲಿ ಇದೆ. ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕ್ ಸಾಮಾನು ತರಬಾರದು, ಎಷ್ಟೇ ಅಗ್ಗ ಇರಲಿ. ಇಷ್ಟು ಎಚ್ಚರ ವಹಿಸಿದರೆ ಪ್ಯಾಡ್ ಬದಲಾಯಿಸಲು ಶೋರೂಮ್ ರೇಟ್ ಕೊಡುವ ಅಗತ್ಯ ನನಗಂತೂ ಕಾಣಿಸುವುದಿಲ್ಲ.

‘ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ ಸರ್’ ಅನ್ನುವ ಇನ್ನೊಂದು ಬೆದರಿಕೆ ಇದೆ ನೋಡಿ, ಅದಕ್ಕೂ ಹೆದರಬೇಡಿ. ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಕಾಯುವ ಕೇಂದ್ರದ ಕಾಂಪಿಟಿಷನ್ ಕಮಿಷನ್ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿಗೂ ಜಾಸ್ತಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಉಪಕರಣ ಹೊರಗಿನವರಿಗೆ ಸಿಗದ ಹಾಗೆ ಕಟ್ಟಿಹಾಕಿದ್ದಾರೆ ಅಂತ. ದಂಡದ ವಿಷಯ ಆಮೇಲೆ ಕೋರ್ಟ್ ಮೆಟ್ಟಿಲು ಹತ್ತಿತು. ಆದರೆ ಆ ಆದೇಶದಲ್ಲಿ ಸ್ಪಷ್ಟವಾಗಿ ಹೇಳಿದೆ: ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕುವಂತಿಲ್ಲ. ಹೊರಗಿನ ಕೆಲಸ ಕೆಟ್ಟದ್ದಾಗಿ ಅದರಿಂದ ಏನು ಹಾಳಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ಇಲ್ಲ ಅನ್ನಬಹುದು. ಅಷ್ಟಕ್ಕೂ ಬ್ರೇಕ್ ಪ್ಯಾಡ್ ಸವೆಯುವ ಸಾಮಾನು. ಅದು ಸವೆದದ್ದಕ್ಕೆ ವಾರಂಟಿಯಲ್ಲಿ ಇವರು ಹೊಸದು ಹಾಕಿಕೊಡುತ್ತಾರಾ? ಇಲ್ಲ. ಹಾಕಿಸುವಾಗ ಮಾತ್ರ ವಾರಂಟಿ ಹೆಸರು.

ಶೋರೂಮ್‌ಗೆ ಇಮೇಲ್ ಬರೆದಿದ್ದೇನೆ. ಮೂರು ಪ್ರಶ್ನೆ. ನನ್ನ ಗಾಡಿಯ ಪ್ಯಾಡ್ ದಪ್ಪ ನೀವು ಅಳೆದದ್ದು ಎಷ್ಟು? ಡಿಸ್ಕ್ ದಪ್ಪ ಎಷ್ಟು? ಯಾವ ಅಳತೆ ನೋಡಿ ‘ಸುರಕ್ಷಿತವಲ್ಲ’ ಅಂತ ಬರೆದಿರಿ? ಮೆಕ್ಯಾನಿಕ್ ಅಳೆದ ಫೋಟೊಗಳನ್ನೂ ಜೊತೆಗೆ ಹಾಕಿದೆ. ಉತ್ತರ ಬಂತು. ಲೇಬರ್‌ನಲ್ಲಿ 15 ಪರ್ಸೆಂಟ್ ರಿಯಾಯಿತಿ ಕೊಡುತ್ತಾರಂತೆ, ಗಾಡಿ ಮತ್ತೆ ತನ್ನಿ ಅಂತ. ಅಳತೆಯ ಬಗ್ಗೆ ಒಂದು ಸಾಲೂ ಇಲ್ಲ.

ರಿಯಾಯಿತಿ ಯಾರು ಕೇಳಿದರು? ನನಗೆ ಆ ಮೂರು ಉತ್ತರ ಬೇಕು. ಆ ‘ಸುರಕ್ಷಿತವಲ್ಲ’ ಅನ್ನುವ ಸಾಲನ್ನು ಗಾಡಿಯ ದಾಖಲೆಯಿಂದ ಅವರೇ ತೆಗೆಯಬೇಕು, ತೆಗೆದಿದ್ದೇವೆ ಅಂತ ಬರೆದುಕೊಡಬೇಕು. ಈ ವಾರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಈ ಸಲ 300 ಕಿಲೋಮೀಟರ್ ಅವರು ಬರಲಿ.