ಒಂಚೂರು ನಿಮ್ಮ ಮೇಲ್ ಓದಿಕೊಳ್ಳಲಾ?

ಜಾಹೀರಾತಿನ ಮೇಲ್‌ಗಳನ್ನು ಗುಡಿಸುವ ಆ್ಯಪ್ ಹಾಕಿಕೊಳ್ಳಲು ಹೋಗಿ. ನಿಮ್ಮ ಮೇಲ್ ಎಲ್ಲ ಓದಲು, ಬರೆಯಲು, ಕಳಿಸಲು, ಶಾಶ್ವತವಾಗಿ ಅಳಿಸಲು ಅನುಮತಿ ಬೇಕಂತೆ. ಕಸ ಗುಡಿಸಲು ಬಂದವರು ಬೀರುವಿನ ಬೀಗದ ಕೈ ಕೇಳಿದ ಹಾಗೆ. ನಾವು ‘ಅಲೋ’ (ಒಪ್ಪಿಗೆ ಇದೆ) ಗುಂಡಿ ಒತ್ತುತ್ತೇವೆ. ಪುಕ್ಕಟೆ ಅಲ್ವಾ!

ಇಂಥದ್ದೇ ಮೇಲ್ ಗುಡಿಸುವ ಆ್ಯಪ್ ಅನ್‌ರೋಲ್ ಮಿ ಕಥೆ ಕೇಳಿ. ಅದರ ಒಡೆಯರಾದ ಸ್ಲೈಸ್ ಕಂಪನಿ ಜನರ ಮೇಲ್‌ನಲ್ಲಿದ್ದ ‘ಲಿಫ್ಟ್’ ಎಂಬ ಟ್ಯಾಕ್ಸಿ ಕಂಪನಿಯ ರಸೀದಿಗಳನ್ನು ಹೆಕ್ಕಿ, ಹೆಸರು ಕಿತ್ತು, ಆ ಲೆಕ್ಕವನ್ನು ಅದರ ಎದುರಾಳಿ ಊಬರ್‌ಗೆ ಮಾರಿತ್ತು. 2017ರಲ್ಲಿ ಸುದ್ದಿ ಹೊರಬಿದ್ದಾಗ, ಬಳಕೆದಾರರ ಬೇಸರ ನೋಡಿ ಎದೆ ಒಡೆಯಿತು ಎಂದು ಅನ್‌ರೋಲ್ ಮಿ ಮುಖ್ಯಸ್ಥರು ಬರೆದುಕೊಂಡರು. ಮಾರಿದ್ದಕ್ಕಲ್ಲ, ನಮಗೆ ಬೇಜಾರಾಯಿತಲ್ಲ, ಅದಕ್ಕೆ. ಎಂಥ ಮೆತ್ತನೆ ಮನಸ್ಸು!

ಧೈರ್ಯದಲ್ಲಿ ಮಾತ್ರ ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್‌ಗೆ ಅಡ್ಡಬೀಳಬೇಕು. 2012ರಲ್ಲಿ ಅವರ ಸುಮಾರು 65 ಲಕ್ಷ ಪಾಸ್‌ವರ್ಡ್‌ಗಳ ಹ್ಯಾಶ್ (ಪಾಸ್‌ವರ್ಡ್‌ನ ಗುಪ್ತ ರೂಪ) ಸೋರಿಹೋಗಿತ್ತು. ಮರುವರ್ಷವೇ ‘ಇಂಟ್ರೋ’ ಎಂಬ ಸೌಲಭ್ಯ ತಂದು, ಐಫೋನಿನ ಮೇಲ್ ಎಲ್ಲ ನಮ್ಮ ಸರ್ವರ್ ಮೂಲಕ ಹೋಗಲಿ ಎಂದರು. ಯಾಕೆ? ಕಳಿಸಿದವರ ಫೋಟೊ, ಹುದ್ದೆಯನ್ನು ಮೇಲ್‌ನ ನೆತ್ತಿಗೆ ಅಂಟಿಸಲು! ಹೆಂಡತಿ ‘ಬರ್ತಾ ಮೊಸರು ತನ್ನಿ’ ಎಂದು ಬರೆದರೂ ಅವಳ ಹುದ್ದೆ ಯಾವುದು, ಯಾವ ಕಂಪನಿ ಅಂತ ನಮಗೆ ತಿಳಿಯಬೇಕಲ್ಲ. ಕೆಲವೇ ತಿಂಗಳಲ್ಲಿ, 2014ರಲ್ಲಿ, ಇಂಟ್ರೋ ಅಂಗಡಿ ಮುಚ್ಚಿತು.

ಓದುವುದು ಯಂತ್ರ, ಮನುಷ್ಯರಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ. ಮಾರಾಟಗಾರರಿಗಾಗಿ ಜನರ ಮೇಲ್ ಜಾಲಾಡುವ ರಿಟರ್ನ್ ಪಾತ್ ಕಂಪನಿಯ ನೌಕರರು ಸುಮಾರು 8,000 ಮೇಲ್ ಖುದ್ದಾಗಿ ಓದಿದ್ದರೆಂದು ವಾಲ್ ಸ್ಟ್ರೀಟ್ ಜರ್ನಲ್ 2018ರಲ್ಲಿ ಬರೆಯಿತು. ಯಂತ್ರಕ್ಕೆ ಪಾಠ ಹೇಳಿಕೊಡಲು ಓದಿದರಂತೆ, ಪಾಪ.

ಮತ್ತೆ ಅನ್‌ರೋಲ್ ಮಿಗೆ ಬರೋಣ. ಅನುಮತಿ ಕೊಡಲು ಹಿಂದೆಮುಂದೆ ನೋಡಿದವರಿಗೆ ಅದು ‘ನಿಮ್ಮ ಖಾಸಗಿ ವಿಷಯ ಮುಟ್ಟುವುದೇ ಇಲ್ಲ’ ಎನ್ನುತ್ತಿತ್ತು. ಇದು ಮೋಸ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಹಿಡಿಯಿತು. ದಂಡ? ಇಲ್ಲ. ಇನ್ನು ಹಾಗೆ ಹೇಳಬೇಡಿ, ಆ ಮಾತು ನಂಬಿ ಬಂದವರಿಗೆ ನಿಜ ತಿಳಿಸಿ, ಅವರು ಒಪ್ಪದಿದ್ದರೆ ರಸೀದಿ ಅಳಿಸಿ, ಅಷ್ಟೇ.

ಷರತ್ತಿನಲ್ಲೇ ಬರೆದಿತ್ತು, ನೀವೇ ಒಪ್ಪಿದಿರಿ ಅನ್ನುತ್ತಾರೆ. ಸಾಕು ಮಾರಾಯ್ರೇ. ಆಸ್ಪತ್ರೆ ರಿಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕು, ಎಲ್ಲ ಬಂದು ಬೀಳುವುದು ಆ ಇನ್‌ಬಾಕ್ಸಿಗೇ. ಒತ್ತಿದ್ದು ನಾನು, ಸರಿ. ನನ್ನನ್ನು ನಂಬಿ ಮನೆ ಜಗಳ, ಕಾಯಿಲೆ, ಸಾಲ ಎಲ್ಲ ಬರೆದು ಕಳಿಸಿದ ಗೆಳೆಯ ಯಾವ ‘ಅಲೋ’ ಒತ್ತಿದ್ದ? ಅವನನ್ನು ಯಾರು ಕೇಳಿದರು?