ಲೇಸರ್ ಬಿಟ್ಟರೆ ಡಿಸ್ಕ್ ಕರಗುವುದಿಲ್ಲ: ಒಂದು ಸ್ಪಷ್ಟನೆ

‘ಬೆನ್ನಿಗೊಂದು ತೂತು, ಲೇಸರ್ ಬಿಟ್ಟರೆ ಡಿಸ್ಕ್ ಕರಗುತ್ತದೆ, ಮತ್ತೆಂದೂ ನೋವಿಲ್ಲ’ ಎಂದು, ಡಿಸ್ಕ್‌ನ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಎಂಡೋಸ್ಕೋಪಿ ಆಪರೇಷನ್ ಬಗ್ಗೆ ಹರಿದಾಡುತ್ತಿರುವ ವಾಟ್ಸಾಪ್ ಸಂದೇಶ ಸರಿಯಲ್ಲ. ತೂತು ಮಾತ್ರ ನಿಜ, ಸುಮಾರು 8 ಮಿಲಿಮೀಟರ್. ಅದರೊಳಗೆ ಕೊಳವೆ, ಕ್ಯಾಮೆರಾ ಇಳಿಸಿ, ಸಲೈನ್ ಹರಿಸುತ್ತಾ, ಡಿಸ್ಕ್‌ನಿಂದ ಹೊರಬಂದು ನರ ಒತ್ತುತ್ತಿರುವ ತುಣುಕನ್ನು ಪುಟ್ಟ ಚಿಮುಟದಿಂದ ಹಿಡಿದು ತೆಗೆಯುತ್ತಾರೆ. ಲೇಸರ್ ಬಳಸಿದರೂ ಅದು ಸಹಾಯಕ್ಕಷ್ಟೇ. ಉಳಿದ ಡಿಸ್ಕ್ ಅಲ್ಲೇ ಇರುತ್ತದೆ, ಅದರ ಹೊರಪದರದ ಬಿರುಕೂ ಇರುತ್ತದೆ. ಕೆಲವರಿಗೆ ಅದೇ ಬಿರುಕಿನಿಂದ ಇನ್ನೊಂದು ತುಣುಕು ಹೊರಬರುವುದು ಹೀಗೆ. ಸೊಂಟದ ತೀರ ಕೆಳಗಿನ ಡಿಸ್ಕ್ (ಎಲ್5-ಎಸ್1) ಆದರೆ, ಬೆನ್ನಿನ ಪಕ್ಕದಿಂದ ಕೊಳವೆ ಇಳಿಸುವ ದಾರಿಗೆ ಸೊಂಟದ ಮೂಳೆ ಅಡ್ಡ ಬರುವುದುಂಟು. ಆಗ ಹಿಂದಿನಿಂದ ಹೋಗಬೇಕು. ಅಂದಹಾಗೆ, ಕಾಲಿಗಿಳಿಯುವ ನೋವು ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ತಗ್ಗುತ್ತದೆ. ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಕಾಯಲೇಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.