ರ‍್ಯಾಂಕಿಂಗ್ ಅಳೀಬೇಕಾದ್ದು ಏನನ್ನ?

ರ‍್ಯಾಂಕ್ ಪಟ್ಟಿಲಿ ಕಾಲೇಜಿನ ಸ್ಥಾನ ನೋಡಿಯೇ ಮಕ್ಕಳನ್ನ ಸೇರಿಸಿ ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ ಸರ್, ನಾನಂತೂ ಒಪ್ಪಲ್ಲ. ದೇಶದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡೋ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್‌ನವ್ರು 2016ರಲ್ಲಿ ಮೊದಲ ಪಟ್ಟಿ ಬಿಟ್ರು, ಅವರ ಒಟ್ಟಾರೆ ಪಟ್ಟಿಲಿ ನೂರಕ್ಕೆ 30 ಪಾಠ ಮತ್ತೆ ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ಫಲಿತಾಂಶಕ್ಕೆ, ಎಲ್ಲಾ ಥರದ ಮಕ್ಕಳಿಗೂ ಅವಕಾಶ ಕೊಟ್ಟಿದ್ದಕ್ಕೆ ಬರೀ 10, ಇನ್ನೊಂದು 10 ಜನರ ಅಭಿಪ್ರಾಯಕ್ಕೆ. ಅಂದ್ರೆ ಮೊದ್ಲೇ ಹೆಸರಿರೋರಿಗೆ ಹೆಸರಿದೆ ಅಂತಾನೇ ಮಾರ್ಕ್ಸ್! ಅದೂ ಅಲ್ದೆ ಹೆಚ್ಚಿನ ಅಂಕಿಅಂಶ ಕಾಲೇಜಿನವ್ರೇ ತುಂಬಿ ಕಳ್ಸೋದು.

ನಮ್ಮ ಕೊಡಗನ್ನೇ ತಗೊಳ್ಳಿ. ತೋಟದ ಲೈನ್‌ಮನೇಲಿ ಬೆಳೆದ ಹುಡುಗಿ, ಮನೇಲಿ ಯಾರೂ ಹೈಸ್ಕೂಲ್ ದಾಟಿಲ್ಲ, ಪಿಯುಸಿಲಿ ಕಷ್ಟಪಟ್ಟು ಪಾಸಾಗಿ ವಿರಾಜಪೇಟೆಗೋ ಗೋಣಿಕೊಪ್ಪಕ್ಕೋ ದಿನಾ ಎರಡು ಬಸ್ ಹಿಡ್ದು ಬಂದು ಡಿಗ್ರಿಲಿ ಫಸ್ಟ್ ಕ್ಲಾಸ್ ತಗೊಂಡ್ರೆ ಆ ಕಾಲೇಜು ಮಾಡಿದ ಕೆಲಸ ದೊಡ್ಡದೋ, ತೊಂಬತ್ತೈದು ಪರ್ಸೆಂಟಿನವ್ರನ್ನೇ ಆರಿಸ್ಕೊಂಡು ತೊಂಬತ್ತೈದರಲ್ಲೇ ಆಚೆ ಕಳ್ಸಿದ್ದು ದೊಡ್ಡದೋ? ಮಗು ಎಲ್ಲಿಂದ ಎಲ್ಲಿಗೆ ಬಂತು ಅನ್ನೋದನ್ನ ಅಳೀರಿ ಸರ್.

2018ರ ಆಗಸ್ಟ್ ಮಳೇಲಿ ಗುಡ್ಡ ಕುಸಿದು ಮಡಿಕೇರಿ ಸುತ್ತ ರಸ್ತೆಗಳೇ ಇರ್ಲಿಲ್ಲ. ಆಗ ನನ್ನ ಮಗಳ ಲೆಕ್ಚರರ್ ಒಬ್ರು ಕ್ಲಾಸಿನ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಎಲ್ಲಿದೀರಾ, ಊಟಕ್ಕೇನು ಮಾಡ್ತಿದೀರಾ ಅಂತ ಕೇಳಿ, ಪರಿಹಾರ ಕೇಂದ್ರದಲ್ಲಿದ್ದ ಮಕ್ಕಳಿಗೆ ನೋಟ್ಸ್ ಜೆರಾಕ್ಸ್ ಮಾಡಿಸಿ ತಲುಪಿಸಿದ್ರು. ಸಂಶೋಧನಾ ಲೇಖನಗಳ ಪಟ್ಟಿ ಇಡೋ ಸ್ಕೋಪಸ್‌ನಲ್ಲಿ ಅವರ ಒಂದು ಪೇಪರೂ ಇಲ್ದೇ ಇರಬಹುದು. ನನ್ನ ಎರಡನೇ ಮಗಳನ್ನೂ ಅವರ ಹತ್ರಾನೇ ಸೇರಿಸಿದೀನಿ.